ಜೋಳದ ಮೇಲೆ ಹೊಸ ಟೈರು

ಗೆಳೆಯರೇ, ಹೊಸ ಟೈರಿನ ಹಿಡಿತ ಎಷ್ಟಿದೆಯೆಂದು ನೋಡಲು ಇವತ್ತು ಬೆಳಿಗ್ಗೆ ಬಾದನಹಟ್ಟಿ ರಸ್ತೆಯಲ್ಲಿ ಕಾರನ್ನು ಜೋರಾಗಿ ಓಡಿಸಿದೆ. ತಿರುವು ದಾಟಿದರೆ ಡಾಂಬರಿನ ತುಂಬ ಜೋಳದ ತೆನೆ. ಗಾಡಿಗಳು ಹಾಯ್ದು ಕಾಳು ಉದುರಲೆಂದು ನಮ್ಮ ಕಡೆ ಹೀಗೆ ಹರಡುತ್ತಾರೆ. ಬ್ರೇಕ್ ಒತ್ತಿದೆ. ಕಾರು ಅಡ್ಡಡ್ಡ ಜಾರಿ, ಬೇವಿನ ಮರಕ್ಕೆ ಇನ್ನು ಗೇಣು ದೂರವಿದೆ ಎನ್ನುವಾಗ ನಿಂತಿತು.

ಇಳಿದು, ತೆನೆ ಹರಡಿದ ರೈತನನ್ನು ಕೇಳಿದೆ: "ಹೊಸ ಟೈರ್ ಅದಾವ್ರಿ ಯಜಮಾನ್ರ, ಹೆಂಗ ಜಾರಿದ್ವು?"

"ಟೈರು ರಸ್ತಾ ಮುಟ್ಟಿದ್ರ ಹಿಡೀತಿದ್ವು. ಅವು ಕಾಳಿನ ಮ್ಯಾಲ ಇದ್ವಲ್ರಿ."

ನಾನು ಒಂದು ಕಾಳನ್ನು ಹೆಬ್ಬೆರಳಿನಡಿ ಉರುಳಿಸಿ ನೋಡುತ್ತಿದ್ದೆ. ಆತ ಕಾರು ಜಾರಿದ ಜಾಗದ ತೆನೆ ಎತ್ತಿ ನೋಡುತ್ತಿದ್ದ.

"ಮೆಲ್ಲಕ ಹೋಗೋ ಗಾಡಿಗೆ ಹಿಂಗ ಉದುರಂಗಿಲ್ರಿ. ಇನ್ನೊಂದ್ ಸಲ ಹಂಗ ಬರ್ರಿ. ಮರದ ಕಡಿಗೆ ಬ್ಯಾಡ."

ಟೈರಿನ ಪರೀಕ್ಷೆಯಲ್ಲಿ ನಾನು ಫೇಲ್, ಒಕ್ಕಣೆಯಲ್ಲಿ ಪಾಸ್.