ಹಲ್ಲಿಲ್ಲದ ಕುದುರೆಗೆ ಹರಕೆಯ ಹುರುಳಿ

ಕಳೆದ ಶನಿವಾರ ಬೆಳಿಗ್ಗೆ ಒಬ್ಬ ಹಿರಿಯ ಸಾಫ್ಟ್‌ವೇರ್ ಇಂಜಿನಿಯರ್ ಕುದುರೆಯೊಂದರ ಮುಂದೆ ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದರು. ಕುದುರೆ ಕತ್ತು ಚಾಚಿತು. ಕೆಮ್ಮಿತು. ಮೂಗಿನ ಎರಡೂ ಹೊಳ್ಳೆಗಳಿಂದ ಅವರ ಹೊಸ ಜಾಕೆಟ್ಟಿನ ಮೇಲೆ ನೊರೆ ಸುರಿಸಿತು.

"ನೋಡಿದ್ರಾ ಮೇಡಮ್, ಆಶೀರ್ವಾದ ಮಾಡ್ತು!" ಎಂದರು.

ಅದು ಆಶೀರ್ವಾದವಾಗಿರಲಿಲ್ಲ. ಕುದುರೆಯ ಅನ್ನನಾಳದಲ್ಲಿ ಒಂದು ಹಿಡಿ ಹುರುಳಿ ಸಿಕ್ಕಿಕೊಂಡಿತ್ತು.

ಕುದುರೆಯ ಹೆಸರು ಕ್ಯಾಪ್ಟನ್. ಬಿಳಿಯ ಬಣ್ಣ, ಇಪ್ಪತ್ತೆಂಟು ವರ್ಷ. ಕುದುರೆಗಳ ಲೋಕದಲ್ಲಿ ಮುತ್ತಜ್ಜ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಇವನ ಪರಿಚಯವಿದೆ. ಮದುವೆಯ ಆಲ್ಬಮ್ ತೆರೆದು ನೋಡಿ. ಮಂಡ್ಯ, ಮೈಸೂರಿನ ನಮ್ಮ ಹುಡುಗರು ಊರಿನಲ್ಲಿ ಮದುವೆಯಾಗುವಾಗ ಒಂದು ಕೊಡೆ ಹಿಡಿದು ಕಾಶಿಗೆ ಹೊರಟಂತೆ ನಟಿಸಿದರೆ ಸಾಕು. ಸಿಯಾಟಲ್‌ನಲ್ಲಿ ಮದುವೆಯಾದರೆ ಮಾತ್ರ ಕುದುರೆ ಬೇಕು. (ಯಾವ ಶಾಸ್ತ್ರದಲ್ಲಿದೆ ಎಂದು ಕೇಳಬೇಡಿ. ಹಿಂದಿ ಸಿನಿಮಾ ಎಂಬ ಶಾಸ್ತ್ರದಲ್ಲಿದೆ.) ಹೋಟೆಲ್ ಪಾರ್ಕಿಂಗ್ ಲಾಟಿನಲ್ಲಿ, ಡೋಲಿನ ಸದ್ದಿನ ನಡುವೆ, ಜನ್ಮದಲ್ಲಿ ಕುದುರೆ ಹತ್ತದ ವರರನ್ನು ಬೆನ್ನ ಮೇಲೆ ಹೊತ್ತು ಕ್ಯಾಪ್ಟನ್ ವರ್ಷಗಟ್ಟಲೆ ನಡೆದ.

ಎರಡು ವರ್ಷಗಳ ಹಿಂದೆ, ಇಲ್ಲಿನ ಕನ್ನಡಿಗರ ಪತ್ರಿಕೆಯ ಇದೇ ಅಂಕಣದಲ್ಲಿ ಆ ಮೆರವಣಿಗೆಗಳ ವಿರುದ್ಧ ಬರೆದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಯಾವ ಅಸ್ತ್ರವನ್ನೂ ಬತ್ತಳಿಕೆಯಲ್ಲಿ ಉಳಿಸಿರಲಿಲ್ಲ. ಯಾರೋ ಪುಣ್ಯಾತ್ಮರು ಅದರ ಸಾರಾಂಶವನ್ನು ಕುದುರೆಯ ಒಡತಿ ರೂತ್ ಅವರಿಗೆ ಮುಟ್ಟಿಸಿದರು. ಎಪ್ಪತ್ತು ದಾಟಿದ ಆ ಹೆಂಗಸು ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: ಅವನಿಗೆ ಈ ವರ್ಷ ನಿವೃತ್ತಿ ಕೊಟ್ಟಿದ್ದೇನೆ; ನಿಮಗೆ ಅಷ್ಟೊಂದು ಕನಿಕರವಿದ್ದರೆ ಬಂದು ಬಕೆಟ್ ತೊಳೆಯಿರಿ.

ನಾನು ವಾದದಲ್ಲಿ ಸೋಲುವುದು ಅಪರೂಪ. ಅಂದು ಸೋತೆ. ಅಂದಿನಿಂದ ವಾರದ ಐದು ದಿನ, ಕರ್ಕ್‌ಲ್ಯಾಂಡ್‌ನ ನನ್ನ ಆಫೀಸಿಗೆ ಹೋಗುವ ಮುನ್ನ, ರೂತ್ ಅವರ ಲಾಯಕ್ಕೆ ಹೋಗಿ ಕ್ಯಾಪ್ಟನ್‌ನ ಬೆಳಗಿನ ಮೇವು ಕಲಸುತ್ತೇನೆ.

ಕಲಸುವುದೇಕೆ? ಹುಲ್ಲು ಹಾಕಿದರೆ ಸಾಲದೇ? ನಾನೂ ಹಾಗೆಯೇ ಕೇಳಿದ್ದೆ. ರೂತ್ ನೆಲದತ್ತ ಬೆರಳು ತೋರಿಸಿದರು. ಅಲ್ಲಿ ನಿಂಬೆಹಣ್ಣಿನ ಗಾತ್ರದ, ಜೊಲ್ಲಿನಲ್ಲಿ ತೊಯ್ದ ಹುಲ್ಲಿನ ಉಂಡೆಗಳು ಬಿದ್ದಿದ್ದವು. ಕ್ಯಾಪ್ಟನ್‌ನ ದವಡೆ ಹಲ್ಲುಗಳು ಸವೆದು ನುಣುಪಾಗಿವೆ. ದಿನವಿಡೀ ಜಗಿಯುತ್ತಾನೆ, ಅರೆಯಲಾರದೆ ಉಗುಳುತ್ತಾನೆ. ನೋಡುವವರಿಗೆ ಸದಾ ತಿನ್ನುತ್ತಿರುವ ಕುದುರೆ, ಹೊಟ್ಟೆಯೊಳಗೆ ಉಪವಾಸ. ಆದ್ದರಿಂದ ಹುಲ್ಲನ್ನು ಒತ್ತಿ ಮಾಡಿದ ಗುಳಿಗೆಗಳನ್ನೂ, ಸಕ್ಕರೆ ತೆಗೆದು ಉಳಿದ ಬೀಟ್ ಗಡ್ಡೆಯ ಸಿಪ್ಪೆಯನ್ನೂ ಬಿಸಿನೀರಿನಲ್ಲಿ ನೆನೆಸಿ, ಗಂಜಿಯ ಹದಕ್ಕೆ ತಂದು, ಸ್ವಲ್ಪ ಎಣ್ಣೆ ಬೆರೆಸಿ ಕೊಡಬೇಕು. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಮೂರು ನಾಲ್ಕು ಬಾರಿ. ಪ್ರತಿ ಭಾನುವಾರ ಮುಂಗಾಲಿನ ಹಿಂದೆ ಎದೆಗೆ ಟೇಪು ಸುತ್ತಿ ತೂಕ ಅಂದಾಜು ಮಾಡಬೇಕು. ಇದರಲ್ಲಿ ರೋಮಾಂಚನವೇನೂ ಇಲ್ಲ.

ಆಗಸ್ಟ್‌ನಲ್ಲಿ ಪಶುವೈದ್ಯೆ ಅವನ ಪಕ್ಕೆಯ ಮೇಲೆ ಕೈಯಾಡಿಸಿ ಸ್ಪಷ್ಟವಾಗಿ ಹೇಳಿದ್ದರು. ನವೆಂಬರಿನ ಮಳೆ ಹಿಡಿಯುವುದರೊಳಗೆ ಎಲುಬು ಮುಚ್ಚುವಷ್ಟು ಮೈ ಬಂದರೆ ಚಳಿಗಾಲ ದಾಟುತ್ತಾನೆ. ಬಾರದಿದ್ದರೆ, ಆ ಕೆಸರು ಮತ್ತು ಥಂಡಿಯೊಳಗೆ ಅವನನ್ನು ನೂಕುವುದಕ್ಕಿಂತ ಸೂಜಿ ಚುಚ್ಚಿ ಮಲಗಿಸುವುದೇ ದಯೆ.

ಸೆಪ್ಟೆಂಬರ್ ಪೂರ್ತಿ ಟೇಪು ನಮ್ಮ ಪರವಾಗಿತ್ತು. ಆಮೇಲೆ ಸತತ ಮೂರು ಭಾನುವಾರ ಇಳಿಯಿತು. ಮೇವು ಅದೇ, ಹೊತ್ತು ಅದೇ. ನೀನು ಸರಿಯಾಗಿ ನೆನೆಸುತ್ತಿದ್ದೀಯಾ ಎಂದು ರೂತ್ ಕೇಳಿದರು. ನನಗೆ ಅವಮಾನವಾಯಿತು. ಕಾರಣ ಕಂಡುಹಿಡಿಯಲೇಬೇಕೆಂದು, ಎಂದೂ ಹೋಗದ ಶನಿವಾರ ಹೋದೆ.

ಶನಿವಾರ ಬೆಳಿಗ್ಗೆ ರೂತ್ ಮೇವು ತರಲು ಪೇಟೆಗೆ ಹೋಗಿರುತ್ತಾರೆ. ಲಾಯದ ಮುಂದೆ ನಾಲ್ಕು ಕಾರುಗಳು! ಬೇಲಿಯ ಪಕ್ಕ ನಮ್ಮದೇ ಜನ. ಒಬ್ಬರ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಬ್ಬರ ಕೈಯಲ್ಲಿ ಅಚ್ಚು ಬೆಲ್ಲ. ಎಲ್ಲರಿಗಿಂತ ಮುಂದೆ, ಖಾಲಿಯಾದ ಸ್ಟೀಲ್ ಡಬ್ಬಿ ಹಿಡಿದು, ಓವರ್‌ಲೇಕ್ ಬಡಾವಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಮೈಸೂರಿನ ಶ್ರೀಧರ್. ಪಕ್ಕದಲ್ಲಿ ಅವರ ಹೆಂಡತಿ ವಾಣಿ.

"ಇದೇನ್ರಿ ಶ್ರೀಧರ್, ಇಲ್ಲಿ?"

"ಕೇತು ಮೇಡಮ್. ಕೇತು ವಕ್ರದಲ್ಲಿದಾನೆ." (ಕೇತು ಯಾವಾಗಲೂ ವಕ್ರಗತಿಯವನೇ. ನಂಬುವವರು ಪಂಚಾಂಗವನ್ನಾದರೂ ನೆಟ್ಟಗೆ ಓದಬಾರದೇ?) "ನಮ್ಮ ಗ್ರೀನ್ ಕಾರ್ಡ್ ಎಷ್ಟು ವರ್ಷದಿಂದ ನಿಂತಿದೆ ನಿಮಗೇ ಗೊತ್ತಲ್ಲ. ಊರಿನ ಜೋಯಿಸರಿಗೆ ವಾಟ್ಸಾಪ್‌ನಲ್ಲಿ ಜಾತಕ ಕಳಿಸಿದ್ದೆ. ಬಿಳಿ ಕುದುರೆಗೆ ಇಪ್ಪತ್ತೊಂದು ವಾರ ಹುರುಳಿ ತಿನ್ನಿಸಿ ಅಂದ್ರು. ಇವತ್ತಿಗೆ ನಾಲ್ಕನೇದು."

"ಕೇತುವಿಗೆ ಮಂಗಳವಾರ ಅಲ್ವೇ?"

"ಮಂಗಳವಾರ ಸ್ಟೇಟಸ್ ಮೀಟಿಂಗ್ ಇರುತ್ತೆ ಮೇಡಮ್. ಜೋಯಿಸರು ಅಡ್ಜಸ್ಟ್ ಮಾಡಿಕೊಟ್ರು."

"ಏನೂ ತಿನ್ನಿಸಬೇಡಿ ಅಂತ ಗೇಟಲ್ಲಿ ಬೋರ್ಡ್ ಇದೆಯಲ್ಲ?"

"ಅದು ಹೊರಗಿನವರಿಗೆ. ಕ್ಯಾಪ್ಟನ್ ನಮ್ಮ ಮದುವೆಗೆ ಬಂದವನು ಮೇಡಮ್. ಮನೆಯವನಿದ್ದ ಹಾಗೆ."

ಮೊದಲ ಶನಿವಾರದ ಫೋಟೋವನ್ನು ಶ್ರೀಧರ್ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದರಂತೆ. ಅದನ್ನು ನೋಡಿ ಉಳಿದವರೂ ತಂತಮ್ಮ ಗ್ರಹಗಳನ್ನು ಕಟ್ಟಿಕೊಂಡು ಬಂದಿದ್ದರು. ಶನಿವಾರ ಹೊಟ್ಟೆ ಕೆಡಿಸಿಕೊಂಡ ಕುದುರೆ ಭಾನುವಾರ, ಸೋಮವಾರ ಗಂಜಿ ಮುಟ್ಟುತ್ತಿರಲಿಲ್ಲ; ಮುದಿತನದ ಹಠವೆಂದು ನಾವು ಬಿಟ್ಟಿದ್ದೆವು. ಟೇಪು ಇಳಿದದ್ದು ಹೀಗೆ.

"ರೀ, ಅವನಿಗೆ ಹಲ್ಲಿಲ್ಲ!" ಎಂದೆ.

"ನಮ್ಮ ತಾತ ಟಾಂಗಾ ಸ್ಟ್ಯಾಂಡ್ ಎದುರಿಗೇ ಇದ್ದವರು. ಕುದುರೆಗೆ ಹುರುಳಿ ಹಾಕೋದನ್ನ ದಿನಾ ನೋಡ್ತಿದ್ರಂತೆ. ಇಂಗ್ಲಿಷಲ್ಲೇ ಅದನ್ನ ಹಾರ್ಸ್ ಗ್ರಾಮ್ ಅಂತಾರೆ. ಕುದುರೆಗಲ್ದೆ ಇನ್ಯಾರಿಗೆ?" ಎಂದು ಹೇಳಿ, ವಾದ ಗೆದ್ದವರ ನಗು ನಕ್ಕು, ಶ್ರೀಧರ್ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತರು. ಆಮೇಲೆ ಬಂದದ್ದೇ ಆ ನೊರೆ.

ಎದುರಾಳಿಗೆ ಸಲ್ಲಬೇಕಾದ ಅಂಶವನ್ನು ಕೊಟ್ಟುಬಿಡುತ್ತೇನೆ. ಹೌದು, ಟಾಂಗಾ ಕುದುರೆಗೆ ಹುರುಳಿ ಹಾಕುತ್ತಿದ್ದರು. ಬೇಯಿಸಿ ಹಾಕುತ್ತಿದ್ದರು. ಆ ಕುದುರೆಗೆ ಹಲ್ಲಿತ್ತು, ಮತ್ತು ಬೆಳಗಿನಿಂದ ಸಂಜೆಯವರೆಗೆ ಅದು ಗಾಡಿ ಎಳೆಯುತ್ತಿತ್ತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಹಿರಿಯರು ಮರುಗಿ ಹೇಳಿದ್ದರು. ಹಲ್ಲಿಲ್ಲದವನ ಬಾಯಿಗೆ ಬಲವಂತವಾಗಿ ಕಾಳು ಸುರಿದು ಪುಣ್ಯ ಕಟ್ಟಿಕೊಳ್ಳುವ ಕಾಲವೊಂದು ಬರುತ್ತದೆಂದು ಪಾಪ ಅವರಿಗೆ ಹೊಳೆದಿರಲಾರದು.

ನೀರಿನ ತೊಟ್ಟಿಯನ್ನೂ ಮೇವನ್ನೂ ದೂರ ಸರಿಸಿ ವೈದ್ಯೆಗೆ ಫೋನ್ ಮಾಡಿದೆ. ಅವರು ಬರುವ ತನಕ ಕ್ಯಾಪ್ಟನ್ ತಲೆ ತಗ್ಗಿಸಿ, ಬೆವತು, ಮತ್ತೆ ಮತ್ತೆ ನುಂಗಲು ಹೆಣಗುತ್ತಿದ್ದ. ಬಾಳೆಹಣ್ಣು, ಬೆಲ್ಲದವರು ಆ ವೇಳೆಗೆ ಮಾಯವಾಗಿದ್ದರು. ವೈದ್ಯೆ ಮಂಪರಿನ ಚುಚ್ಚುಮದ್ದು ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿ, ನೀರು ಹಾಯಿಸಿ ಹಾಯಿಸಿ ತೊಳೆದರು. ಹುರುಳಿ ಹೊರಗೆ ಬಂತು. ಶ್ರೀಧರ್ ನನ್ನ ಬಳಿ ಸರಿದು, ತಗ್ಗಿದ ದನಿಯಲ್ಲಿ ಕೇಳಿದರು:

"ಹೊಟ್ಟೆಗೆ ಹೋಗ್ಲಿಲ್ವಲ್ಲ ಮೇಡಮ್. ನಾಲ್ಕನೇ ವಾರ ಕೌಂಟ್ ಆಗುತ್ತಾ?"

ಓದುಗರೇ, ಇವರು ಅವಿದ್ಯಾವಂತರಲ್ಲ. ಆಧಾರವಿಲ್ಲದೆ ಒಂದು ಸಾಲು ಕೋಡ್ ಬರೆದ ಕಿರಿಯರನ್ನು ಸಭೆಯಲ್ಲೇ ಸುಲಿದುಬಿಡುವವರು. ಅದೇ ಮೆದುಳನ್ನು ಶನಿವಾರ ಕಾರಿನಲ್ಲೇ ಬಿಟ್ಟು ಇಳಿಯುತ್ತಾರೆ.

ಗ್ರೀನ್ ಕಾರ್ಡಿನ ಸಂಕಟ ಸುಳ್ಳೆಂದು ನಾನು ಹೇಳುವುದಿಲ್ಲ. ನಾನೂ ಆ ಸಾಲಿನಲ್ಲೇ ನಿಂತಿದ್ದೇನೆ. ಆದರೆ ಕಳೆದ ವರ್ಷ, ಇದೇ ವಿಳಂಬದ ಬಗ್ಗೆ ಇಲ್ಲಿನ ಜನಪ್ರತಿನಿಧಿಯ ಕಚೇರಿಗೆ ಹೋಗಿ ಮನವಿ ಕೊಡೋಣ ಎಂದು ನಿಮ್ಮನ್ನೆಲ್ಲ ಕರೆದಿದ್ದೆ. ಬಂದವರು ಮೂವರು. ಅವರಲ್ಲಿ ಒಬ್ಬರು ಪಾರ್ಕಿಂಗ್ ಸಿಗಲಿಲ್ಲವೆಂದು ವಾಪಸ್ ಹೋದರು. ಮಾತನಾಡಿ ಪಡೆಯಬೇಕಾದದ್ದಕ್ಕೆ ನಮಗೆ ನಾಲಿಗೆಯಿಲ್ಲ. ಮಾತು ಬಾರದ ಪ್ರಾಣಿಯ ಗಂಟಲಲ್ಲಿ ನಮ್ಮ ಅರ್ಜಿ ತುರುಕಲು ಮಾತ್ರ ಸಂಕೋಚವಿಲ್ಲ. ನಮಗೆ ಹಿಡಿಸುವ ಸೇವೆಗೆ ಒಂದು ಆರಂಭ, ಒಂದು ಮುಕ್ತಾಯ, ನಡುವೆ ಒಂದು ಫೋಟೋ ಇರಬೇಕು. ದಿನಾ ಬಂದು ಬಕೆಟ್ ತೊಳೆಯುವುದಕ್ಕೆ ಯಾವ ಜೋಯಿಸರೂ ಚೀಟಿ ಬರೆದುಕೊಡುವುದಿಲ್ಲ.

ವೈದ್ಯೆ ಹೊರಡುವ ಮುನ್ನ ಷರತ್ತು ಹಾಕಿದರು. ಗಂಟಲು ಹುಣ್ಣಾಗಿದೆ. ಇನ್ನು ಮೂರು ವಾರ ತೆಳ್ಳಗಿನ ಗಂಜಿ, ದಿನಕ್ಕೆ ನಾಲ್ಕು ಹೊತ್ತು, ಒಂದು ಹೊತ್ತೂ ತಪ್ಪಬಾರದು. ಆಮೇಲೆ ತಾವೇ ಬಂದು ಟೇಪು ಹಿಡಿಯುತ್ತಾರೆ. ಮೈ ಬಂದಿದ್ದರೆ ಚಳಿಗಾಲ. ಇಲ್ಲದಿದ್ದರೆ ಆ ದಿನವೇ ಸೂಜಿ.

ಬೆಳಗಿನದು ನನ್ನದು. ಸಂಜೆಯ ಎರಡು ಹೊತ್ತು ರೂತ್ ಅವರದು. ಮಧ್ಯಾಹ್ನ, ವಾರದ ದಿನಗಳಲ್ಲಿ, ಅವರು ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾರೆ. (ಎಪ್ಪತ್ತು ದಾಟಿದ ಮೇಲೂ. ಕುದುರೆಗೊಂದು ನಿವೃತ್ತಿ ಸಿಕ್ಕಿತು, ಅವರಿಗೆ ಸಿಕ್ಕಿಲ್ಲ.) ಮಧ್ಯಾಹ್ನಕ್ಕೆ ಇಪ್ಪತ್ತು ನಿಮಿಷ ಯಾರಾದರೂ ಬರುತ್ತೀರಾ ಎಂದು ಗ್ರೂಪಿನಲ್ಲಿ ಕೇಳಿದೆ. ಕೈ ಮುಗಿದ ಇಮೋಜಿಗಳ ಮಳೆ ಸುರಿಯಿತು. ಒಬ್ಬರು ನನ್ನ ಸೇವೆಯನ್ನು ಹೊಗಳಿದರು. ಇನ್ನೊಬ್ಬರು, "ಇದಕ್ಕೊಂದು ಆಪ್ ಮಾಡ್ಬಹುದು" ಎಂದರು. ಬರುತ್ತೇನೆ ಎಂದವರಿಲ್ಲ.

ಸೋಮವಾರ ಮಧ್ಯಾಹ್ನ, ಬೇರೆ ದಾರಿಯಿಲ್ಲದೆ, ಊಟದ ಬಿಡುವಿನಲ್ಲಿ ನಾನೇ ಓಡಿದೆ. ಗೇಟಿನ ಬಳಿ ವಾಣಿ ನಿಂತಿದ್ದರು. ಅವರಿಗೆ ಕಾರಿಲ್ಲ, ಬಸ್ಸಿಳಿದು ತುಂತುರು ಮಳೆಯಲ್ಲಿ ಒಂದು ಮೈಲಿ ನಡೆದು ಬಂದಿದ್ದರು.

"ಅಕ್ಕಾ, ನಾನೇ ಹುರುಳಿ ಆರಿಸಿ ಡಬ್ಬಿಗೆ ತುಂಬಿಕೊಟ್ಟಿದ್ದು. ಆ ನೊರೆ ಕಣ್ಣಿಗೆ ಕಟ್ಟಿದೆ, ಅನ್ನ ಇಳೀತಿಲ್ಲ. ಏನ್ ಮಾಡ್ಬೇಕು ಹೇಳಿ. ಇವರಿಗೆ ಮಾತ್ರ ಹೇಳ್ಬೇಡಿ, ಅದಕ್ಕೂ ಜೋಯಿಸರನ್ನ ಕೇಳ್ತಾರೆ." (ಈಗ ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ.)

ನಾನು ಹೇಳುವ ಮೊದಲೇ ತೋಳು ಮಡಿಸಿ, ಬೆಳಿಗ್ಗೆ ನಾನು ನೆನೆಸಿಟ್ಟ ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಇಳಿಸಿದರು. ದೋಸೆ ಹಿಟ್ಟು ನೋಡುವ ಹಾಗೆ ಬೆರಳಾಡಿಸಿ, ತಳದಿಂದ ಒಂದು ಗಟ್ಟಿ ಉಂಡೆ ತೆಗೆದು ನನ್ನ ಮುಖದ ಮುಂದೆ ಹಿಡಿದರು.

"ನೋಡಿ, ಇನ್ನೂ ಗಂಟಿದೆ. ಇಷ್ಟೊಂದು ಬರೀತೀರಲ್ಲ ಅಕ್ಕಾ, ಬಕೆಟ್ ತಳ ಕಲಸಲ್ವಾ?"

ರೂತ್ ಅವರ ಪ್ರಶ್ನೆಗೆ ನನಗೆ ಅವಮಾನವಾಗಿತ್ತು ಎಂದೆನಲ್ಲ? ಅದನ್ನು ಹಿಂತೆಗೆದುಕೊಂಡಿದ್ದೇನೆ.

ಕ್ಯಾಪ್ಟನ್ ಅಂದು ವಾಣಿ ಕಲಸಿದ ಗಂಜಿಯನ್ನು ನಿಧಾನವಾಗಿ, ನಡುನಡುವೆ ನಿಂತು ಉಸಿರೆಳೆದುಕೊಳ್ಳುತ್ತ, ಪೂರ್ತಿ ಮುಗಿಸಿದ. ವಾಣಿ ಮಂಗಳವಾರ ಬಂದರು, ಬುಧವಾರ ಬಂದರು. ಬುಧವಾರ ಸಂಜೆ ಶ್ರೀಧರ್ ಫೋನ್ ಮಾಡಿದರು. ಕುದುರೆ ಹೇಗಿದೆ ಎಂದು ಕೇಳುತ್ತಾರೆಂದು ಭಾವಿಸಿದ್ದು ನನ್ನ ಮೂರ್ಖತನ.

"ಮೇಡಮ್, ಈ ಕಡೆ ಬೇರೆ ಯಾವ್ದಾದ್ರೂ ಬಿಳಿ ಕುದುರೆ ಇದೆಯಾ? ಗಟ್ಟಿ ಹಲ್ಲಿರೋದು?"

ನಾನು ಫೋನ್ ಇಟ್ಟುಬಿಟ್ಟೆ. ಚರ್ಚೆಯ ನಿಯಮಗಳ ಪ್ರಕಾರ ಅದು ತಪ್ಪು.

ಸದ್ಯದ ಸ್ಥಿತಿ ಹೀಗಿದೆ. ಸೋಮವಾರ, ಮಂಗಳವಾರ, ಬುಧವಾರ, ಶುಕ್ರವಾರದ ಮಧ್ಯಾಹ್ನಗಳನ್ನು ವಾಣಿ ವಹಿಸಿಕೊಂಡಿದ್ದಾರೆ; ಗುರುವಾರ ಅವರಿಗೆ ಬಿಡುವಿಲ್ಲ. ಶನಿವಾರ, ಭಾನುವಾರ ರೂತ್ ಇನ್ನು ಮನೆ ಬಿಟ್ಟು ಕದಲುವುದಿಲ್ಲ. ನಿನ್ನೆ ಗುರುವಾರ ನಾನು ಅರ್ಧ ದಿನ ರಜೆ ಹಾಕಿದೆ. ಇನ್ನೆರಡು ಗುರುವಾರ ರಜೆ ಕೊಡುವುದಿಲ್ಲ ಎಂದು ಮ್ಯಾನೇಜರ್ ಹೇಳಿಯಾಗಿದೆ. ಫೋಟೋಗೆ ಅವಕಾಶವಿಲ್ಲ. ಪುಣ್ಯದ ಖಾತರಿಯಿಲ್ಲ. ಕೈ ಅಂಟಂಟಾಗುತ್ತದೆ, ಶೂ ಕೆಸರಾಗುತ್ತದೆ.

ಮುಂದಿನ ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ನಿಮ್ಮಲ್ಲಿ ಯಾರು ಬರುತ್ತೀರಿ?