ಹಾಳೆಯ ಒಂದೇ ಮಗ್ಗುಲು

ಅಜ್ಜನನ್ನು ಊರೆಲ್ಲ ದಬ್ಬಳದಜ್ಜ ಎನ್ನುತ್ತಿತ್ತು. ಅವನು ಹೊಲಿದ ಕಚೇರಿಯ ದಫ್ತರು ಮೂರು ತಲೆಮಾರಿನ ಗುಮಾಸ್ತರ ಕೈಯಲ್ಲಿ ನಲುಗಿದರೂ ಒಂದು ಹಾಳೆಯನ್ನೂ ಉದುರಿಸಲಿಲ್ಲ. ಅವನ ಮಗ ಕತ್ತರಿ ಮೇಸ್ತ್ರಿ. ನೆರೆನೀರಿನಲ್ಲಿ ನೆಂದು ಮುದ್ದೆಯಾಗಿದ್ದ ಗ್ರಂಥಾಲಯದ ಎಂಟುನೂರು ಪುಸ್ತಕಗಳನ್ನು ಹಾಳೆಹಾಳೆ ಬಿಡಿಸಿ, ಒಣಗಿಸಿ, ಮತ್ತೆ ಕಟ್ಟಿ ಕೊಟ್ಟವನು. ಅಪ್ಪ ಮಗ ಇಬ್ಬರಿಗೂ ಓದಲು ಬರುತ್ತಿರಲಿಲ್ಲ. ಆ ಮೇಸ್ತ್ರಿಯ ಮಗಳೇ ಬೈಂಡಿಂಗಕ್ಕ.

ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷ ಸೂಜಿ ಹಿಡಿದವಳು, ನಲವತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದಳು. ಪದವಿ ಕೈಗೆ ಬಂದರೆ ಬೈಂಡಿಂಗ್ ವಿಭಾಗಕ್ಕೆ ಅವಳೇ ಮೇಲ್ವಿಚಾರಕಿ. ಉಳಿದದ್ದು ಇತಿಹಾಸದ ಒಂದು ಪತ್ರಿಕೆ. ಅಣ್ಣನ ಮಗಳೂ ದಿನಾ ತರಗತಿಯಲ್ಲಿ ಕೂತು ಅದೇ ಪತ್ರಿಕೆ ಬರೆದಳು.

ಫಲಿತಾಂಶ ಬಂದದ್ದೇ ಹುಡುಗಿ ಶುರುಮಾಡಿದಳು: "ಏನತ್ತೆ, ಪುಸ್ತಕ ಹೊಲಿದೋರಿಗೆ ಮೂವತ್ನಾಲ್ಕು, ಕ್ಲಾಸಲ್ಲಿ ತೂಕಡಿಸಿದೋಳಿಗೆ ಅರವತ್ತೊಂದು!"

"ಬಾಯ್ಮುಚ್ಚೇ, ತಲೆಹರಟೆ."

ಪಾಸಾಗಲು ಮೂವತ್ತೈದು ಬೇಕಿತ್ತು. ಅಕ್ಕನ ಮುಖ ಹುಳ್ಳಗಾಯಿತು.

ದೂರಶಿಕ್ಷಣದವರ, ತರಗತಿಯವರ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತಿದ್ದ ಇತಿಹಾಸದ ಮೇಷ್ಟ್ರು ಅವಳನ್ನು ಕರೆಸಿದರು.

"ದೂರದೋರ ಸರಾಸರಿ ನಲವತ್ತೊಂದು, ಇಲ್ಲಿಯೋರದು ಐವತ್ತೆಂಟು. ಅದು ನಂಗೆ ಅರ್ಥ ಆಗುತ್ತೆ. ನಿಮ್ಮದೇ ಅರ್ಥ ಆಗ್ತಿಲ್ಲಮ್ಮ. ಬರೆದಿದ್ದು ಕಣ್ಣಿಗೆ ಕಟ್ಟೋ ಹಾಗಿದೆ, ನಡುನಡುವೆ ಗುಳುಂ! ಸೈನ್ಯ ಕೋಟೆ ಬಾಗಿಲಿಗೆ ಬಂತು ಅಂತೀರಾ, ಮುಂದಿನ ಸಾಲಲ್ಲೇ ರಾಜನ ಮಗನಿಗೆ ಪಟ್ಟ. ಯುದ್ಧ ಎಲ್ಲಿ ಹೋಯ್ತು?"

ಅಕ್ಕ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಹಣೆ ಚಚ್ಚಿಕೊಂಡಳು.

ಇತಿಹಾಸದ ಪಾಠದ ಪುಸ್ತಕ ಮಡಚುವ ಮೊದಲೇ ದೊಡ್ಡ ಹಾಳೆಗಳ ರಾಶಿಯಾಗಿ ಅವಳ ಮೇಜಿಗೆ ಬರುತ್ತಿತ್ತು. ಹಾಳೆಯ ಒಂದು ಮಗ್ಗುಲಿಗೆ ಎಂಟು ಪುಟ: ಒಂದು, ನಾಲ್ಕು, ಐದು, ಎಂಟು, ಹೀಗೆ. ಎರಡು, ಮೂರು ಎಲ್ಲ ಹಿಂಬದಿಗೆ. ಕೆಲಸದ ನಡುವೆ ಮೇಲೆ ಕಂಡದ್ದನ್ನಷ್ಟೇ ಓದಿ ಓದಿ ಬಾಯಿಪಾಠ ಮಾಡಿದ್ದಳು. ಅಂಚೆಯಲ್ಲಿ ಮನೆಗೆ ಬಂದ ಪುಸ್ತಕವನ್ನು, ನಾನೇ ಹೊಲಿದದ್ದರಲ್ಲಿ ಇನ್ನೇನಿದೆ ಎಂದು ಬಿಚ್ಚಿಯೂ ನೋಡಿರಲಿಲ್ಲ.

ಕೇಳಿದ ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ನಗು ಇಳಿದ ಮೇಲೆ ಒಂದು ಅರ್ಜಿ ಮುಂದಿಟ್ಟರು.

"ಒಂದು ಅಂಕ ಕೃಪೆಯಾಗಿ ಕೊಡೋಕೆ ನಿಯಮ ಇದೆ, ಸಹಿ ಹಾಕಿ. ಇಲ್ಲಾಂದ್ರೆ ಆ ಮೇಲ್ವಿಚಾರಕಿ ಕೆಲಸ ಇನ್ಯಾರದೋ ಪಾಲಾಗುತ್ತೆ."

ಅಕ್ಕ ಅರ್ಜಿಯನ್ನು ಹಿಂದಕ್ಕೆ ತಳ್ಳಿದಳು.

"ಆದ್ರೆ ಆಗ್ಲಿ ಬಿಡಿ ಸಾರ್. ಅರ್ಧ ಯುದ್ಧ ಓದಿದೋಳನ್ನ ಪಾಸು ಮಾಡಿ ಪುಣ್ಯ ಕಟ್ಕೋಬೇಡಿ. ಆರು ತಿಂಗಳಿಗೆ ಮತ್ತೆ ಪರೀಕ್ಷೆ ಇದ್ಯಲ್ಲ, ಬರೀತೀನಿ. ನಿಮ್ಮ ಅಂಕ ನಿಮ್ಮ ಹತ್ರಾನೇ ಇರ್ಲಿ."