ಜಗುಲಿ ಏರಿದ ಡಿಸ್ಕು

ಹೇಳಿದ ಮಾತು ಕೇಳುವವರೆಂದರೆ ನನಗೆ ಈಗ ಭಯ. ಕೇಳದವರ ಜೊತೆ ಹೇಗೋ ಬಾಳಿಬಿಡಬಹುದು. ನಮ್ಮ ಮನೆಯಲ್ಲಿ ಗಂಡ, ಮಕ್ಕಳು, ಬೆಕ್ಕು ಎಲ್ಲ ಆ ಪೈಕಿಯವರೇ. ಆದರೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ ಮುಗಿಸುವ ನನ್ನ ಕಂಪ್ಯೂಟರಿದೆಯಲ್ಲ, ಅದು ಒಂದು ಅಮಾವಾಸ್ಯೆಯ ದಿನ ನನ್ನ ಜೀವವನ್ನೇ ಬಾಯಿಗೆ ತಂದಿತ್ತು.

ಗದಗ ಜಿಲ್ಲೆಯಾದ ಮೇಲೆ ಹೊಸ ಕಚೇರಿಗಳು ಬಂದವು, ಅರ್ಜಿ ಟೈಪು ಮಾಡಿಸುವವರು ಹೆಚ್ಚಿದರು. ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೂ ಒಂದು ಡಿಟಿಪಿ ಅಂಗಡಿ ಇಟ್ಟೆ. ಪುಕ್ಕಟೆ ಸಿಗುತ್ತದೆಂದು ಲಿನಕ್ಸ್ ಹಾಕಿಸಿಕೊಂಡೆ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪಿಸಿ ಕೆಲಸ ಮಾಡಿಸುವ ಚಟ ಹತ್ತಿತು. ಒಂದರ ಕೆಳಗೊಂದು ಆಜ್ಞೆ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟು. ಹೆಸರು ಹೇಳಿದರೆ ಸಾಕು, ಎಲ್ಲ ತಾನೇ ಓಡುತ್ತದೆ. ಮೊದಮೊದಲು ಓಡುತ್ತಿರಲಿಲ್ಲ. ಪರವಾನಗಿ ಕೊಟ್ಟಿಲ್ಲ ಎನ್ನುತ್ತಿತ್ತು. ಫೈಲಿನ ಹೆಸರಿನ ನಡುವೆ ಜಾಗ ಬಿಟ್ಟಿದ್ದರೆ ಒಂದನ್ನು ಎರಡೆಂದು ತಿಳಿದು, ಎರಡೂ ಸಿಗಲಿಲ್ಲ ಎನ್ನುತ್ತಿತ್ತು. ವಿಂಡೋಸಿನಲ್ಲಿ ಬರೆದು ತಂದರೆ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಚಿಹ್ನೆಯೊಂದು ಅಂಟಿಕೊಂಡು ಬಂದು ಕೆಲಸ ಕೆಡಿಸುತ್ತಿತ್ತು. ಆಗ ಅದನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಓಡದ ಸ್ಕ್ರಿಪ್ಟು ಎಷ್ಟು ಸಾಧು ಎಂಬುದು ಆಮೇಲೆ ತಿಳಿಯಿತು.

ಲಕ್ಷ್ಮೇಶ್ವರದ ದಾವಲಬಿ ಚಾಚಿಯ ಗಂಡ ಸೀರೆಯ ಸೆರಗಿಗೆ ನಕ್ಷೆ ಬರೆದು ನಮ್ಮೂರ ನೇಕಾರರಿಗೆ ಕೊಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ನಕ್ಷೆಗಳಿಗೆ ಗೆದ್ದಲು ಹತ್ತಿತು. ಉಳಿದವನ್ನು ನಾನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೆ. ಸ್ಕ್ಯಾನ್ ಆದ ಮೇಲೆ ಮಡಚಲು ಹೋದರೆ ಕಾಗದಗಳು ಪುಡಿಪುಡಿಯಾದವು. ಈಗ ಅವರ ಮಗಳು ಮಗ್ಗಕ್ಕೆ ಕೂರುವವಳಿದ್ದಳು. ಮೊದಲ ಸೀರೆಗೆ ಅಪ್ಪನ ನಕ್ಷೆಯೇ ಬೇಕೆಂದು ಹಟ ಹಿಡಿದಿದ್ದಳು. ಚಾಚಿ ಪ್ರಿಂಟು ಒಯ್ಯಲು ಬಂದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು.

ನನ್ನದೊಂದು ಶಿಸ್ತು. ಕೆಲಸಕ್ಕೆ ಮೊದಲು ಬ್ಯಾಕಪ್ಪಿನ ಸ್ಕ್ರಿಪ್ಟು ಓಡಿಸಬೇಕು. ಹೊರಗಿನಿಂದ ಸಿಕ್ಕಿಸಿದ ಡಿಸ್ಕಿಗೆ ಹೋಗು. ಅಲ್ಲಿರುವ ಹಳೆಯದನ್ನೆಲ್ಲ ಅಳಿಸು. ಇಲ್ಲಿಂದ ಹೊಸ ಪ್ರತಿ ಒಯ್ದಿಡು. ಇಷ್ಟೇ ಆಜ್ಞೆ. ಓಡಿಸಿದೆ. ‘ಅಂಥ ಜಾಗವಿಲ್ಲ’ ಎಂಬರ್ಥದ ಸಾಲೊಂದು ಪರದೆಯ ಮೇಲೆ ಬಂತು. ಇದು ಯಾವಾಗಲೂ ಏನಾದರೊಂದು ಗೊಣಗುತ್ತದೆ ಬಿಡು ಎಂದುಕೊಂಡು ಕೆಲಸದ ಫೋಲ್ಡರ್ ತೆರೆದೆ.

ಖಾಲಿ! ಒಂದು ನಕ್ಷೆಯೂ ಇಲ್ಲ. ಕಸದ ಬುಟ್ಟಿಯಲ್ಲೂ ಇಲ್ಲ. ಕಪ್ಪು ಪರದೆಯಲ್ಲಿ ಅಳಿಸಿದ್ದು ಬುಟ್ಟಿಗೆ ಹೋಗುವುದಿಲ್ಲ, ಹೋಗಿಯೇ ಬಿಡುತ್ತದೆ. ನೋಡಿದರೆ ಡಿಸ್ಕು ಸಿಕ್ಕಿಸಿಯೇ ಇಲ್ಲ. ಅಲ್ಲಿಗೆ ಹೋಗಲಾಗದ ಕಂಪ್ಯೂಟರು ನಿಂತಲ್ಲೇ ನಿಂತು ಎರಡನೆಯ ಆಜ್ಞೆಯನ್ನು ಪಾಲಿಸಿತ್ತು. ನಾನು ಅದನ್ನು ಓಡಿಸಿದ್ದು, ಅದು ನಿಂತದ್ದು ನನ್ನ ಕೆಲಸದ ಫೋಲ್ಡರಿನಲ್ಲಿ!

ನೀವೇ ಹೇಳಿ, ಕುರ್ತಕೋಟಿಗೆ ಹೋಗಿ ಹೊಲದ ಕಸ ಕಿತ್ತು ಬಾ ಎಂದು ಒಬ್ಬನನ್ನು ಕಳಿಸಿದರೆ, ಬಸ್ಸು ತಪ್ಪಿದಾಗ ಅವನು ಏನು ಮಾಡುತ್ತಾನೆ? ಮಿರ್ಚಿ ತಿಂದು, ಚಹಾ ಕುಡಿದು ಮನೆಗೆ ಬರುತ್ತಾನೆ. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಿಕ್ಕವರ ಮೀಸೆ ಕೀಳುವುದಿಲ್ಲ. ಹೋದರೆ ಮಾತ್ರ ಕೀಳು ಎಂದು ಮನುಷ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಹೇಳಬೇಕಿತ್ತು.

“ಯಾಕ ಬೇಟಿ, ಮಾರಿ ಹಿಂಗ್ಯಾಕ ಬಿಳಿಚಿಕೊಂತು?” ಎಂದರು ಚಾಚಿ. ಒಳಗೆ ಓಡಿದೆ.

“ಮಾವಾರ! ಡಿಸ್ಕ್ ಎಲ್ಲೈತ್ರಿ?”

ಪ್ರತಿ ಅಮಾವಾಸ್ಯೆ ಅಂಗಡಿಯ ಯಂತ್ರಗಳನ್ನು ಒರೆಸಿ ಪೂಜೆ ಮಾಡುವುದು ನಮ್ಮ ಮಾವನ ಪಾಲಿನ ಕೆಲಸ. “ಇಲ್ಲೇ ಐತಲ್ಲವಾ,” ಎಂದು ದೇವರ ಜಗುಲಿಯತ್ತ ಬೆರಳು ಮಾಡಿದರು. ವಿಭೂತಿ ಬಳಿದುಕೊಂಡು, ಸೇವಂತಿಗೆ ಹೂ ಹೊತ್ತುಕೊಂಡು ನನ್ನ ಡಿಸ್ಕು ವೀರಭದ್ರನ ಫೋಟೋದ ಪಕ್ಕ ಕೂತಿತ್ತು! “ಎಲ್ಲಾರ ಜೀಂವ ಇದರಾಗ ಐತಿ ಅಂತ ನೀನ ಹೇಳಿದ್ದಿ ಅಲ್ಲಾ? ಅದಕ್ಕ ಈ ಸಲ ಕಿತ್ತು ತಂದು ದೇವರ ಮುಂದ ಇಟ್ಟೆ. ತಪ್ಪಾತೇನು?”

ಸಿಟ್ಟಿನಿಂದ ಬಾಯಿ ತೆರೆದವಳು ಹಾಗೇ ನಿಂತೆ. ಡಿಸ್ಕಿಗೆ ಹೋಗಲಾಗಿಲ್ಲವೆಂದ ಮೇಲೆ ಡಿಸ್ಕಿನಲ್ಲಿದ್ದ ನಿನ್ನೆಯ ಪ್ರತಿ ಅಳಿದಿಲ್ಲ! ಹೂವು ತೆಗೆದಿಟ್ಟು, ಓಡಿ ಬಂದು ಸಿಕ್ಕಿಸಿದೆ. ಒಂದೊಂದೇ ನಕ್ಷೆ ಪರದೆಯ ಮೇಲೆ ತೆರೆದುಕೊಂಡಿತು. ಅಳುವೂ ಬಂತು, ನಗುವೂ ಬಂತು.

ಪ್ರಿಂಟು ತೆಗೆದುಕೊಟ್ಟು ಚಾಚಿಗೆ ನಡೆದದ್ದನ್ನೆಲ್ಲ ಹೇಳಿದೆ. ಪ್ರಿಂಟಿನ ಮೇಲೆ, ಗಂಡ ಬರೆದ ನವಿಲಿನ ಮೇಲೆ, ಅವರು ಬಹಳ ಹೊತ್ತು ಕೈಯಾಡಿಸಿದರು. “ಇನ್ನೊಂದು ತೆಗಿ ಬೇಟಿ,” ಎಂದರು. “ಒಂದು ಮಗಳಿಗೆ ಒಯ್ತೀನಿ. ಒಂದು ನಿಮ್ಮ ಮಾವಾರ ಜಗಲಿ ಮ್ಯಾಲ ಇರ್ಲಿ. ಖರೆ ಹೇಳ್ತೀನಿ, ನಿನ್ನ ಮಶೀನ ಮ್ಯಾಲ ನನಗ ಭರೋಸಾ ಇಲ್ಲ.”

ಸ್ಕ್ರಿಪ್ಟನ್ನು ತಿದ್ದಿದ್ದೇನೆ. ಹೋಗಲಾಗದಿದ್ದರೆ ಅಲ್ಲಿಗೇ ನಿಲ್ಲು ಎಂದು ಬಿಡಿಸಿ ಬರೆದಿದ್ದೇನೆ. ಹೊಸ ಪ್ರತಿ ಸೇರಿದ ಮೇಲೆಯೇ ಹಳೆಯದನ್ನು ಅಳಿಸು ಎಂದೂ ಬರೆದಿದ್ದೇನೆ. ಮಾವನ ಪೂಜೆಯನ್ನು ತಿದ್ದಲು ಹೋಗಿಲ್ಲ. ಅಮಾವಾಸ್ಯೆಯ ದಿನ ಮರೆತು ಸ್ಕ್ರಿಪ್ಟು ಓಡಿಸಿದರೆ ಅದು ಈಗ ಏನನ್ನೂ ಮುಟ್ಟದೆ ನಿಂತು, ನಾನೇ ಬರೆದಿಟ್ಟ ಸಾಲೊಂದನ್ನು ನನಗೇ ತೋರಿಸುತ್ತದೆ: ‘ಡಿಸ್ಕು ಜಗಲಿ ಮ್ಯಾಲ ಐತಿ. ಮಾವಾರನ್ನ ಕೇಳು.’